ಮೀನು ಅದೇ, ಎಣ್ಣೆ ಯಾವುದು?

ಕಾಲು ಎಡವಿ ಗಾಯವಾದರೆ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ರಕ್ತದಲ್ಲಿರುವ ಬಿಳಿ ಕಣಗಳು ರೋಗಾಣುಗಳ ಜೊತೆ ಹೋರಾಡುತ್ತಿವೆ ಎಂಬುದರ ಗುರುತು ಅದು. ಇದಕ್ಕೆ ಉರಿಯೂತ ಅಂತಾರೆ. ಕೆಲಸ ಮುಗಿದ ಮೇಲೆ ಈ ಉರಿ ಆರಬೇಕು. ಆರದೆ ಒಳಗೊಳಗೇ ಹೊಗೆಯಾಡುತ್ತಿದ್ದರೆ ರಕ್ತನಾಳ, ಕೀಲುಗಳಿಗೆ ತೊಂದರೆ. ಹೃದ್ರೋಗ, ಸಕ್ಕರೆ ಕಾಯಿಲೆಗಳಲ್ಲೂ ಇದರ ಪಾಲಿದೆ.

ಇದಕ್ಕೂ ನಮ್ಮ ಅಡುಗೆ ಮನೆಗೂ ಏನು ಸಂಬಂಧ? ನಾವು ತಿಂದ ಕೊಬ್ಬಿನ ಒಂದು ಪಾಲು ಬಿಳಿ ಕಣಗಳ ಹೊರಪೊರೆಗೆ ಸೇರುತ್ತದೆ. ಉರಿಯೂತ ಹೆಚ್ಚಿಸುವ ‘ಪ್ರೊಸ್ಟಾಗ್ಲಾಂಡಿನ್’ನಂಥ ರಾಸಾಯನಿಕಗಳನ್ನು ಕಣಗಳು ತಯಾರಿಸುವುದು ಆ ಪೊರೆಯ ಕೊಬ್ಬಿನಿಂದಲೇ. ಇವುಗಳ ಬಗೆಗಿನ ಸಂಶೋಧನೆಗೆ 1982ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತ್ತು. ಬೂತಾಯಿ, ಬಂಗುಡೆಯಲ್ಲಿ ಒಮೆಗಾ-3 ಕೊಬ್ಬು ಧಾರಾಳವಾಗಿದೆ. ಅದು ಪೊರೆಗೆ ಸೇರಿದರೆ ಅದೇ ಕಣಗಳು ಉರಿ ಆರಿಸುವ ರಾಸಾಯನಿಕಗಳನ್ನೂ ತಯಾರಿಸುತ್ತವೆ.

ಟ್ರಾನ್ಸ್ ಕೊಬ್ಬಿನದ್ದು ಇದಕ್ಕೆ ವಿರುದ್ಧ ಗುಣ. ಎಣ್ಣೆ, ವನಸ್ಪತಿಯಲ್ಲಿ ಅದು ಶೇ. 2 ಮೀರಬಾರದೆಂದು 2022ರ ಜನವರಿಯಿಂದ ದೇಶದಲ್ಲಿ ನಿಯಮವಿದೆ. ಆದರೆ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಹಾನಿಕಾರಕ ಅಂಶಗಳು ನಮ್ಮ ಬಾಣಲೆಯಲ್ಲೇ ಹುಟ್ಟುತ್ತವೆ. ಆಗ ಮೀನು ಒಳ್ಳೆಯದಿದ್ದರೂ ಪ್ರಯೋಜನ ಕಡಿಮೆ.

ಇನ್ನು ಮಸಾಲೆ. ಬಿಳಿ ಕಣಗಳೊಳಗೆ ಉರಿಯೂತ ಶುರು ಮಾಡುವ ಒಂದು ಸ್ವಿಚ್ ಇದೆ. ಅರಶಿನದ ಕರ್ಕ್ಯುಮಿನ್ ಅದನ್ನು ತಡೆಯುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಆದರೆ ಬರೀ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಒಳ್ಳೆಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಹೆಚ್ಚಿತು! ಕರ್ಕ್ಯುಮಿನ್ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ತೆಂಗಿನಕಾಯಿ, ಅರಶಿನ, ಒಳ್ಳೆಮೆಣಸು ಅರೆದು ಹಾಕಿದ ಉಮ್ಮಂದಿರ ಮೀನು ಸಾರಿನಲ್ಲಿ ಇವೆಲ್ಲ ಒಟ್ಟಿಗೇ ಇವೆ.

ಹಾಗಂತ ಸಾರು ಮದ್ದಲ್ಲ. ಅರಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸು. 2 ಗ್ರಾಂ ಸಿಗಬೇಕಾದರೆ 60 ಗ್ರಾಂಗೂ ಹೆಚ್ಚು ಪುಡಿ ಬೇಕು, ಅಷ್ಟು ಯಾರು ತಿಂತಾರೆ? ಇದನ್ನು ನೆಚ್ಚಿಕೊಂಡು ಶುಗರ್, ಬಿಪಿ ಮಾತ್ರೆ ನಿಲ್ಲಿಸುವುದು ಅಪಾಯ. ಅಂಗಡಿಯ ಅರಶಿನ ಕ್ಯಾಪ್ಸೂಲ್‌ಗಳಿಂದ ಕೆಲವರ ಲಿವರ್‌ಗೆ ಹಾನಿಯಾದದ್ದೂ ಇದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಂತೂ ಡಾಕ್ಟರರನ್ನು ಕೇಳದೆ ಅದನ್ನು ಮುಟ್ಟಬಾರದು.

ನಮ್ಮ ಕೈಯಲ್ಲಿರುವುದು ಇಷ್ಟು: ವಾರಕ್ಕೆರಡು ದಿನವಾದರೂ ಮೀನು ಕಾಯಿಸದೆ ಸಾರು ಮಾಡಿ. ಕರಿದು ಕಪ್ಪಾದ ಎಣ್ಣೆಯನ್ನು ನಾಳೆಗೆ ಎತ್ತಿಡಬೇಡಿ.