ವೇಗ ಮತ್ತು ವೇಗೋತ್ಕರ್ಷ

ಚಲನಶಾಸ್ತ್ರದ ಮೊದಲ ಪಾಠಗಳನ್ನು ಮುಗಿಸಿದ ವಿದ್ಯಾರ್ಥಿಗೆ ಒಂದು ಸರಳವಾದ ಪ್ರಶ್ನೆಯನ್ನು ಹಾಕಿ ನೋಡಬಹುದು. ಚೆಂಡೊಂದನ್ನು ನೇರವಾಗಿ ಮೇಲಕ್ಕೆ ಎಸೆದಿದ್ದೇವೆ. ಅದು ಏರಿ, ತನ್ನ ಪರಮಾವಧಿ ಎತ್ತರವನ್ನು ಮುಟ್ಟಿ, ಮರಳಿ ಬೀಳುತ್ತದೆ. ತುದಿಯನ್ನು ಮುಟ್ಟಿದ ಕ್ಷಣದಲ್ಲಿ ಅದರ ವೇಗವೆಷ್ಟು, ವೇಗೋತ್ಕರ್ಷವೆಷ್ಟು? ವೇಗ ಸೊನ್ನೆಯೆಂಬ ಉತ್ತರ ಕೂಡಲೆ ಬರುತ್ತದೆ, ಅದು ಸರಿಯಾದುದೇ. ಆದರೆ ವೇಗೋತ್ಕರ್ಷವೂ ಸೊನ್ನೆಯೆಂದು ಹೇಳುವವರು ಕಡಮೆಯಿಲ್ಲ. ಚಲನೆಯ ಸೂತ್ರಗಳನ್ನು ತಪ್ಪಿಲ್ಲದೆ ಬರೆದು, ಲೆಕ್ಕಗಳನ್ನು ಸರಿಯಾಗಿ ಬಿಡಿಸುವವರೂ ಹೀಗೆ ಹೇಳುವುದುಂಟು. ಸೂತ್ರ ಕೈವಶವಾದ ಮೇಲೂ ಪರಿಕಲ್ಪನೆ ಮಸುಕಾಗಿ ಉಳಿಯುವುದೇಕೆ, ಅದನ್ನು ತಿಳಿಗೊಳಿಸುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಲೋಕವ್ಯವಹಾರದಲ್ಲಿ ವೇಗವೆಂಬ ಮಾತಿಗೆ ದಿಕ್ಕಿನ ಅಪೇಕ್ಷೆಯಿಲ್ಲ. ಭೌತಶಾಸ್ತ್ರದಲ್ಲಾದರೋ, ಕ್ರಮಿಸಿದ ದೂರವನ್ನು ಕಾಲದಿಂದ ಭಾಗಿಸಿದಾಗ ಬರುವುದನ್ನು ಜವವೆಂದೂ, ದಿಕ್ಕನ್ನೊಳಗೊಂಡ ಸ್ಥಾನಪಲ್ಲಟವನ್ನು ಕಾಲದಿಂದ ಭಾಗಿಸಿದಾಗ ಬರುವುದನ್ನು ವೇಗವೆಂದೂ ಕರೆಯುತ್ತೇವೆ. ಎರಡು ಗಂಟೆಗಳಲ್ಲಿ ೧೨೦ ಕಿಲೋಮೀಟರು ಓಡಿದ ರೈಲುಗಾಡಿಯ ಸರಾಸರಿ ಜವ ಗಂಟೆಗೆ ೬೦ ಕಿಲೋಮೀಟರು. ಆದರೆ ಆ ಗಾಡಿ ನಿಲ್ದಾಣಗಳಲ್ಲಿ ನಿಂತಿತ್ತು, ಬಯಲಿನಲ್ಲಿ ಧಾವಿಸಿತ್ತು. ಸರಾಸರಿಯು ಇವೊಂದನ್ನೂ ತಿಳಿಸದು. ಒಂದು ಕ್ಷಣದ ವೇಗ ಬೇಕಾದರೆ, ಆ ಕ್ಷಣವನ್ನೊಳಗೊಂಡ ಕಾಲಾವಧಿಯನ್ನು ಕಿರಿದುಮಾಡುತ್ತ ಹೋಗಿ, ಭಾಗಲಬ್ಧವು ಯಾವ ಬೆಲೆಯನ್ನು ಸಮೀಪಿಸುತ್ತದೆಂಬುದನ್ನು ಕಾಣಬೇಕು. ಈ ಭೇದವು ನಮ್ಮ ಜ್ಯೋತಿಷಿಗಳಿಗೆ ತಿಳಿಯದುದಲ್ಲ. ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು ಗ್ರಹಗಳ ಸ್ಥೂಲಗತಿಯನ್ನೂ ತಾತ್ಕಾಲಿಕಗತಿಯನ್ನೂ ಬೇರ್ಪಡಿಸಿ, ಚಂದ್ರನ ಗತಿಯು ಕ್ಷಣಕ್ಷಣಕ್ಕೂ ಭಿನ್ನವಾಗುವುದರಿಂದ ಅಲ್ಲಿ ಎರಡನೆಯದನ್ನೇ ಗ್ರಹಿಸಬೇಕೆಂದಿದ್ದಾನೆ.

ಸ್ಥಾನವು ಬದಲಾಗುವ ದರ ವೇಗವಾದರೆ, ವೇಗವು ಬದಲಾಗುವ ದರ ವೇಗೋತ್ಕರ್ಷ. ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರೆಂದು ಅಳೆಯುವುದರಿಂದ, ಅದರ ಬದಲಾವಣೆಯ ದರವನ್ನು ಹೇಳುವಾಗ ಸೆಕೆಂಡು ಎರಡು ಸಲ ಬರುತ್ತದೆ. ಇಲ್ಲಿ ನಮ್ಮ ಪಾರಿಭಾಷಿಕ ಪದವೇ ಒಂದು ತೊಡಕನ್ನು ತರುತ್ತದೆಂಬುದನ್ನು ಅಧ್ಯಾಪಕರು ಗಮನಿಸಬೇಕು. ಉತ್ಕರ್ಷವೆಂದರೆ ಏಳಿಗೆ, ಹೆಚ್ಚಳ. ಆದ್ದರಿಂದ ವೇಗ ಹೆಚ್ಚಿದಾಗ ಮಾತ್ರ ವೇಗೋತ್ಕರ್ಷವಿರುತ್ತದೆಂದು ಕೇಳುವವನು ಭಾವಿಸುವುದು ಸಹಜ. ಶಾಸ್ತ್ರದಲ್ಲಾದರೋ ವೇಗ ಕುಗ್ಗಿದರೂ, ಜವ ಬದಲಾಗದೆ ದಿಕ್ಕಷ್ಟೇ ತಿರುಗಿದರೂ ವೇಗೋತ್ಕರ್ಷ ಉಂಟು. ಭೂಮಿಯನ್ನು ಸುತ್ತುವ ಚಂದ್ರನ ಜವ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು. ಅದು ಹೆಚ್ಚುಕಡಮೆ ಒಂದೇ ಸಮನಾಗಿದ್ದರೂ ದಿಕ್ಕು ಅನವರತ ತಿರುಗುತ್ತಿರುವುದರಿಂದ ಚಂದ್ರನಿಗೆ ಭೂಮಿಯ ಕಡೆಗೆ ವೇಗೋತ್ಕರ್ಷವಿದೆ.

ಈ ಪರಿಕಲ್ಪನೆ ಸುಲಭವಾಗಿ ದಕ್ಕಿದುದಲ್ಲವೆಂಬುದಕ್ಕೆ ಗೆಲಿಲಿಯೋವಿನ ಉದಾಹರಣೆಯೇ ಸಾಕು. ೧೬೦೪ರ ಅಕ್ಟೋಬರಿನಲ್ಲಿ ಪಾವೊಲೊ ಸಾರ್ಪಿಗೆ ಬರೆದ ಪತ್ರದಲ್ಲಿ, ಬೀಳುವ ವಸ್ತು ಕ್ರಮಿಸುವ ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆಂಬ ನಿಯಮವನ್ನು ಅವನು ಹೇಳಿದ್ದಾನೆ. ನಿಯಮ ಸರಿ. ಆದರೆ ಅದಕ್ಕೆ ಆಧಾರವಾಗಿ ಅವನು ಇಟ್ಟುಕೊಂಡ ತತ್ತ್ವವು, ವಸ್ತುವಿನ ವೇಗ ಅದು ಬಿದ್ದ ದೂರಕ್ಕೆ ಅನುಪಾತದಲ್ಲಿ ಬೆಳೆಯುತ್ತದೆಂಬುದು. ಇದು ಮೇಲುನೋಟಕ್ಕೆ ಸಮಂಜಸವಾಗಿ ಕಂಡರೂ ನಿಲ್ಲತಕ್ಕದ್ದಲ್ಲ. ನಿಶ್ಚಲವಾಗಿದ್ದ ವಸ್ತು ಕ್ರಮಿಸಿದ ದೂರ ಸೊನ್ನೆ. ಈ ತತ್ತ್ವದಂತೆ ಅದರ ವೇಗವೂ ಸೊನ್ನೆ. ವೇಗವಿಲ್ಲದೆ ದೂರವಿಲ್ಲ, ದೂರವಿಲ್ಲದೆ ವೇಗವಿಲ್ಲ. ಆದಕಾರಣ ಅದು ಕದಲುವಂತೆಯೇ ಇಲ್ಲ. ವೇಗವು ದೂರದೊಡನೆ ಅಲ್ಲ, ಕಾಲದೊಡನೆ ಸಮನಾಗಿ ಬೆಳೆಯುತ್ತದೆ ಎಂಬ ನಿರ್ಣಯವನ್ನು ಗೆಲಿಲಿಯೋ ೧೬೩೮ರಲ್ಲಿ ಲೈಡನ್ನಿನಲ್ಲಿ ಪ್ರಕಟವಾದ ತನ್ನ ಸಂವಾದರೂಪದ ಗ್ರಂಥದಲ್ಲಿ ಪ್ರತಿಪಾದಿಸಿದನು. ತಾನೂ ಕೆಲವು ಕಾಲ ಹಳೆಯ ತಪ್ಪಿಗೆ ಒಳಗಾಗಿದ್ದುದನ್ನು ಅಲ್ಲಿಯ ಪಾತ್ರವೊಂದರ ಬಾಯಿಂದ ಒಪ್ಪಿಕೊಂಡಿದ್ದಾನೆ. ಸರಿಯಾದ ಸೂತ್ರವನ್ನು ಕೈಯಲ್ಲಿ ಹಿಡಿದೂ ಅದರ ಹಿಂದಿನ ಪರಿಕಲ್ಪನೆಯಲ್ಲಿ ತಪ್ಪುವುದು ಅಂಥ ಪ್ರತಿಭಾಶಾಲಿಗೂ ಸಂಭವಿಸಿತೆಂದ ಮೇಲೆ, ನಮ್ಮ ತರಗತಿಯ ವಿದ್ಯಾರ್ಥಿಯನ್ನು ಮಂದಮತಿಯೆಂದು ತಳ್ಳಿಹಾಕುವುದು ನ್ಯಾಯವಾಗಲಾರದು.

ಈಗ ಚೆಂಡಿನ ಪ್ರಶ್ನೆಗೆ ಮರಳೋಣ. ಚೆಂಡನ್ನು ಸೆಕೆಂಡಿಗೆ ೧೯.೬ ಮೀಟರು ವೇಗದಿಂದ ಮೇಲಕ್ಕೆ ಎಸೆದೆವೆನ್ನೋಣ. ಗಾಳಿಯ ತಡೆಯನ್ನು ಗಣಿಸುವುದು ಬೇಡ. ಗುರುತ್ವದಿಂದ ಪ್ರತಿ ಸೆಕೆಂಡಿಗೂ ವೇಗದಲ್ಲಿ ೯.೮ ಮೀಟರಿನಷ್ಟು ಬದಲಾವಣೆ ಕೆಳಮುಖವಾಗಿ ಆಗುತ್ತದೆ. ಒಂದು ಸೆಕೆಂಡು ಕಳೆದಾಗ ಮೇಲ್ಮುಖವಾದ ವೇಗ ೯.೮, ಎರಡನೆಯ ಸೆಕೆಂಡಿನ ಕೊನೆಗೆ ಸೊನ್ನೆ, ಮೂರನೆಯದರ ಕೊನೆಗೆ ಕೆಳಮುಖವಾಗಿ ೯.೮. ತುದಿಯ ಆಚೆ ಈಚೆಗಳನ್ನು ಇನ್ನೂ ಸಮೀಪದಿಂದ ನೋಡಿದರೆ, ೧.೯ನೆಯ ಸೆಕೆಂಡಿನಲ್ಲಿ ಚೆಂಡು ೦.೯೮ ಮೀಟರು ವೇಗದಿಂದ ಏರುತ್ತಿರುತ್ತದೆ; ೨.೧ನೆಯ ಸೆಕೆಂಡಿನಲ್ಲಿ ಅಷ್ಟೇ ವೇಗದಿಂದ ಇಳಿಯುತ್ತಿರುತ್ತದೆ. ಈ ೦.೨ ಸೆಕೆಂಡಿನಲ್ಲಿ ವೇಗದಲ್ಲಾದ ಬದಲಾವಣೆ ೧.೯೬, ದರ ಮೊದಲಿನಂತೆ ೯.೮. ಅವಧಿಯನ್ನು ಎಷ್ಟೇ ಕಿರಿದುಮಾಡಿದರೂ ಈ ದರ ಬದಲಾಗದು. ತುದಿಯಲ್ಲಿ ವೇಗೋತ್ಕರ್ಷವು ಮಾಯವಾಗಿ ಹಾಗೆಯೇ ಉಳಿದಿದ್ದರೆ ಸೊನ್ನೆಯಾದ ವೇಗ ಸೊನ್ನೆಯಾಗಿಯೇ ನಿಲ್ಲಬೇಕಾಗಿತ್ತು. ಚೆಂಡು ಆಕಾಶದಲ್ಲಿಯೇ ತೂಗಿರಬೇಕಾಗಿತ್ತು. ಅದು ಕೆಳಕ್ಕೆ ಬರುವುದೇ ನಮ್ಮ ಉತ್ತರಕ್ಕೆ ಸಾಕ್ಷಿ.

ಅಮೆರಿಕದ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದ ಟ್ರೋಬ್ರಿಡ್ಜ್ ಮತ್ತು ಮೆಕ್‌ಡರ್ಮಟ್ ಅವರು ೧೯೮೦ ಮತ್ತು ೧೯೮೧ರಲ್ಲಿ ಪ್ರಕಟಿಸಿದ ಎರಡು ಲೇಖನಗಳು ಇಲ್ಲಿ ಸ್ಮರಣಾರ್ಹವಾದುವು. ಹಳಿಗಳ ಮೇಲೆ ಉರುಳುವ ಎರಡು ಗುಂಡುಗಳನ್ನು ತೋರಿಸಿ, ಇವುಗಳ ವೇಗ ಎಂದಾದರೂ ಸಮವಾಗಿತ್ತೆ ಎಂದು ಅವರು ವಿದ್ಯಾರ್ಥಿಗಳನ್ನು ಕೇಳಿದರು. ಒಂದು ಗುಂಡು ಇನ್ನೊಂದನ್ನು ದಾಟಿದ ಕ್ಷಣದಲ್ಲಿ ವೇಗ ಸಮವಾಗಿತ್ತೆಂದು ಅನೇಕರು ಉತ್ತರಕೊಟ್ಟರು. ಅಲ್ಲಿ ಸಮವಾಗಿದ್ದುದು ಸ್ಥಾನ, ವೇಗವಲ್ಲ. ಸ್ಥಾನವನ್ನು ವೇಗವೆಂದು ಗ್ರಹಿಸುವುದೂ, ವೇಗವನ್ನು ವೇಗೋತ್ಕರ್ಷವೆಂದು ಗ್ರಹಿಸುವುದೂ ಒಂದೇ ಜಾತಿಯ ತಪ್ಪುಗಳು: ಪರಿಮಾಣವನ್ನೂ ಅದು ಬದಲಾಗುವ ದರವನ್ನೂ ಒಂದಾಗಿ ಕಾಣುವುದು.

ಪರಿಹಾರಕ್ಕೆ ಬೆಲೆಯುಳ್ಳ ಉಪಕರಣಗಳು ಬೇಕಿಲ್ಲ. ಗೆಲಿಲಿಯೋ ಸುಮಾರು ೧೨ ಮೊಳ ಉದ್ದದ ಮರದ ತೊಲೆಯಲ್ಲಿ ಕಾಲುವೆ ಕೊರೆದು, ನಯವಾದ ಚರ್ಮಪತ್ರವನ್ನು ಅಂಟಿಸಿ, ಅದರಲ್ಲಿ ಕಂಚಿನ ಗುಂಡನ್ನು ಉರುಳಿಸಿದನು. ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ತೂಗಿ ಕಾಲವನ್ನು ಅಳೆದನು. ನಾವೂ ಕಾಲುವೆಯುಳ್ಳ ಹಲಗೆಯೊಂದನ್ನು ತುಸು ಓರೆಯಾಗಿಟ್ಟು, ಗುಂಡು ಹೊರಡುವ ಸ್ಥಳದಿಂದ ೧, ೪, ೯, ೧೬ ಎಂಬ ಅನುಪಾತದ ದೂರಗಳಲ್ಲಿ ತೆಳುವಾದ ದಾರಗಳನ್ನು ಅಡ್ಡಲಾಗಿ ಕಟ್ಟಬಹುದು. ಗುಂಡು ದಾರಗಳನ್ನು ದಾಟುವಾಗ ಆಗುವ ಸದ್ದುಗಳು ಸಮಕಾಲಾಂತರದಲ್ಲಿ ಕೇಳಿಸುತ್ತವೆ. ಬಳಿಕ ದಾರಗಳನ್ನು ಬಿಚ್ಚಿ, ಗುಂಡನ್ನು ಕೆಳತುದಿಯಿಂದ ಮೇಲಕ್ಕೆ ಉರುಳಿಸಬೇಕು. ಅದು ನಿಧಾನವಾಗಿ ಏರಿ, ತಿರುಗಿ, ಇಳಿಯುವುದು ಮೇಲಕ್ಕೆಸೆದ ಚೆಂಡಿನ ಕಥೆಯೇ. ಕಣ್ಣಿಗೆ ನಿಲುಕುವಷ್ಟು ಮೆಲ್ಲಗೆ ನಡೆಯುತ್ತದೆ, ಅಷ್ಟೆ. ಈ ಚಲನೆಗೆ ವೇಗ–ಕಾಲಗಳ ನಕ್ಷೆಯನ್ನು ಬರೆದರೆ, ಘರ್ಷಣೆ ಅಲ್ಪವಾಗಿರುವಲ್ಲಿ, ಒಂದು ಸರಳರೇಖೆ ದೊರೆಯುತ್ತದೆ. ಅದು ಸೊನ್ನೆಯ ಗೆರೆಯನ್ನು ದಾಟುವಾಗ ಎತ್ತರ ಸೊನ್ನೆ, ಇಳಿಜಾರು ಮಾತ್ರ ಮೊದಲಿದ್ದಂತೆಯೇ ಇದೆ. ರೇಖೆಯ ಎತ್ತರವು ವೇಗ, ಅದರ ಇಳಿಜಾರು ವೇಗೋತ್ಕರ್ಷ.

ಸೂತ್ರಗಳನ್ನು ಕರಿಹಲಗೆಯ ಮೇಲೆ ಬರೆಯುವುದಕ್ಕೆ ಮೊದಲು ಈ ಪ್ರಯೋಗವನ್ನು ತೋರಿಸಿ, ತುದಿಯಲ್ಲಿ ಏನಾಗುತ್ತದೆಂದು ವಿದ್ಯಾರ್ಥಿಗಳನ್ನೇ ಕೇಳಿ, ಅವರ ಉತ್ತರಗಳನ್ನು ಅವರಿಂದಲೇ ಪರೀಕ್ಷೆ ಮಾಡಿಸುವುದು ಮೇಲೆಂದು ನಮ್ಮ ಅಭಿಪ್ರಾಯ. ಮುಂದೆ ಬಲವು ವೇಗವನ್ನಲ್ಲ, ವೇಗೋತ್ಕರ್ಷವನ್ನು ಉಂಟುಮಾಡುತ್ತದೆಂಬ ನ್ಯೂಟನ್ನನ ನಿಯಮವನ್ನು ಕಲಿಯಬೇಕಾದವರಿಗೆ ಈ ಭೇದವೇ ಅಡಿಗಲ್ಲು. ಅದು ಸಡಿಲವಾಗಿದ್ದರೆ ಮೇಲಣ ಕಟ್ಟಡವೆಲ್ಲವೂ ಬರಿಯ ಕಂಠಪಾಠವಾಗುತ್ತದೆ.