ಆಕಾಶಚಿತ್ರದಲ್ಲಿ ತೊಗರಿಯ ನೆರಳು

ಉಪಗ್ರಹಗಳು ತೆಗೆದ ಚಿತ್ರಗಳಿಂದ ಬೆಳೆಯ ಸ್ಥಿತಿಯನ್ನು ನಿರ್ಣಯಿಸುವುದು ಈಗ ರೂಢಿಗೆ ಬಂದಿದೆ. ಗ್ರಾಮದ ಮುಖಂಡರೂ ಭೂಮಾಲೀಕರೂ ಇಂಥ ನಿರ್ಣಯವನ್ನು ಓದುವಾಗ ಸೂರ್ಯನ ಎತ್ತರವನ್ನು ಮರೆಯತಕ್ಕದ್ದಲ್ಲ.

ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳು ಬೆಳಿಗ್ಗೆ ಸುಮಾರು 10-30ರ ಸೂರ್ಯಕಾಲಕ್ಕೆ ಹಾದುಹೋಗುತ್ತವೆ. ಆ ವೇಳೆಗೆ ಬೀದರ ನಗರದಲ್ಲಿ ಜೂನ್ ಕೊನೆಗೆ ಸೂರ್ಯನು ದಿಗಂತದಿಂದ ಸುಮಾರು 68 ಡಿಗ್ರಿ ಮೇಲಿರುವನು. ಡಿಸೆಂಬರ್ ಕೊನೆಗೆ 43 ಡಿಗ್ರಿ ಮಾತ್ರ. ಆಗ 5 ಅಡಿಯ ತೊಗರಿಗಿಡದ ನೆರಳು 5 ಅಡಿಗೂ ಮೀರುವುದು. ಅಷ್ಟೇ ಎತ್ತರದ ಕೋಲಿನ ನೆರಳು ಜೂನಿನಲ್ಲಿ ಎರಡೇ ಅಡಿ. ನೆರಳನ್ನು ನೋಡಿ ಹೊತ್ತು ಹೇಳುವ ನಮ್ಮವರಿಗೆ ಇದು ಹೊಸ ಮಾತಲ್ಲ.

ಚಿತ್ರದ ಒಂದು ಚೌಕವು 10 ಮೀಟರ್ ಉದ್ದಗಲ, ಎಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಅದರೊಳಗೆ ಎಲೆ, ಮಣ್ಣು, ನೆರಳು ಮೂರೂ ಬೆರೆತು ಒಂದೇ ಬಣ್ಣವಾಗುವುವು. ಭಾಲ್ಕಿ, ಔರಾದ ಕಡೆಯ ಎರೆಭೂಮಿ ಮೊದಲೇ ಕಪ್ಪು. ನೆರಳು ಬಿದ್ದರೆ ಚೌಕವು ಮತ್ತಷ್ಟು ಮಂಕಾಗುವುದು. ಬೀದರದ ಸುತ್ತಣ ಕೆಂಪು ಜಂಬಿಟ್ಟಿಗೆ ನೆಲದಲ್ಲಾದರೋ ನೆರಳಿನ ಭೇದ ಇನ್ನೂ ಹೆಚ್ಚು. ಚಳಿಗಾಲದ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ಪೂರ್ವ-ಪಶ್ಚಿಮದ ಸಾಲುಗಳ ನಡುವಣ ನೆಲವೆಲ್ಲ ಮುಚ್ಚಿಹೋಗುವುದು. ಉತ್ತರ-ದಕ್ಷಿಣದ ಸಾಲುಗಳಲ್ಲಿ ನೆರಳು ಬಹುಮಟ್ಟಿಗೆ ಸಾಲಿನ ಉದ್ದಕ್ಕೇ ಬೀಳುವುದು. ಎರಡೂ ಹೊಲಗಳ ಫಸಲು ಒಂದೇ ಇದ್ದರೂ ಚಿತ್ರ ಬೇರೆ.

ಕೆಂಪು ಮತ್ತು ಅವಕೆಂಪು ಕಿರಣಗಳನ್ನು ಹೋಲಿಸುವ ಕ್ರಮದಿಂದ ಈ ದೋಷವು ತಗ್ಗುವುದೇ ಹೊರತು ನಿರ್ಮೂಲವಾಗದು. ಆದಕಾರಣ ಸೆಪ್ಟೆಂಬರಿನ ಚಿತ್ರವನ್ನು ಡಿಸೆಂಬರಿನದರೊಡನೆ ಇಟ್ಟು ಬೆಳೆ ಕುಗ್ಗಿತೆನ್ನುವುದು ಅವಸರದ ಮಾತು. ಅದೇ ದಿನದ ನೆರೆಹೊಲದೊಡನೆ, ಇಲ್ಲವೆ ಹಿಂದಿನ ವರ್ಷದ ಅದೇ ವಾರದೊಡನೆ ಹೋಲಿಸುವುದು ಯುಕ್ತ. ಬೆಳೆನಷ್ಟದ ವಿಚಾರಣೆಯಲ್ಲಿ ಚಿತ್ರವನ್ನು ಮುಂದಿಟ್ಟರೆ ಅದರ ತಾರೀಖನ್ನು ಕೇಳಿರಿ. ಬಿತ್ತನೆಯ ದಿನ, ಸಾಲಿನ ಅಂತರ, ಸಾಲಿನ ದಿಕ್ಕು ಇವನ್ನು ಮೊದಲೇ ಬರೆದಿಟ್ಟುಕೊಂಡಿರಿ.