ನಿಮ್ಮ ಆಫೀಸಿನ ದೂರು ಸಮಿತಿಗೂ ವಿಶ್ವಸಂಸ್ಥೆಗೂ ಏನು ನಂಟು? ಇಲ್ಲಿದೆ ‘ಸೀಡಾ’ ಕಥೆ

ಪುಣೆಯ ಐಟಿ ಕಂಪನಿಯಿರಲಿ, ಮುಂಬೈನ ಬ್ಯಾಂಕ್ ಇರಲಿ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಹಿರಿಯ ಮಹಿಳಾ ಉದ್ಯೋಗಿಯೇ ಮುಖ್ಯಸ್ಥೆ, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು. ಈ ನಿಯಮದ ಬೇರು 1979ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಒಂದು ಒಪ್ಪಂದದಲ್ಲಿದೆ ಎಂಬುದು ಹಲವರಿಗೆ ಗೊತ್ತಿಲ್ಲ.

ಅದೇ ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ನಿವಾರಣಾ ಒಪ್ಪಂದ. ಚಿಕ್ಕದಾಗಿ ‘ಸೀಡಾ’. ಭಾರತ 1980ರಲ್ಲೇ ಸಹಿ ಹಾಕಿತು. ಆದರೆ ಅನುಮೋದನೆ ಸಿಕ್ಕಿದ್ದು 1993ರಲ್ಲಿ!

ಸಹಿ ಹಾಕಿದ ಮಾತ್ರಕ್ಕೆ ಕಾನೂನು ಆಗುತ್ತದಾ?

ಇಲ್ಲ. ನಮ್ಮಲ್ಲಿ ಅಂತಾರಾಷ್ಟ್ರೀಯ ಒಪ್ಪಂದ ತಾನಾಗಿಯೇ ಕಾನೂನಾಗುವುದಿಲ್ಲ, ಸಂಸತ್ತು ಕಾಯ್ದೆ ಮಾಡಬೇಕು. ಆದರೆ ‘ವಿಶಾಖಾ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೇರೆ ದಾರಿ ಹಿಡಿಯಿತು.

1992ರಲ್ಲಿ ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಮುಂದಾದ ಸರ್ಕಾರಿ ಯೋಜನೆಯ ಕಾರ್ಯಕರ್ತೆಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆಕೆ ತನ್ನ ಕೆಲಸ ಮಾಡಿದ್ದಕ್ಕೇ ದಾಳಿಗೊಳಗಾದರು. ಕೆಲಸದ ಜಾಗದಲ್ಲಿ ಮಹಿಳೆಗೆ ರಕ್ಷಣೆ ಕೊಡುವ ಪ್ರತ್ಯೇಕ ಕಾನೂನೇ ಆಗ ಇರಲಿಲ್ಲ. ಮಹಿಳಾ ಸಂಘಟನೆಗಳು ಕೋರ್ಟ್ ಮೆಟ್ಟಿಲೇರಿದವು. 1997ರ ಆಗಸ್ಟ್ 13ರಂದು ನ್ಯಾ. ಜೆ.ಎಸ್. ವರ್ಮಾ ನೇತೃತ್ವದ ಪೀಠ ಹೇಳಿದ್ದಿಷ್ಟು: ದೇಶದಲ್ಲಿ ಕಾನೂನು ಇಲ್ಲದಿರುವಾಗ, ಸಂವಿಧಾನಕ್ಕೆ ವಿರುದ್ಧವಲ್ಲದ ಅಂತಾರಾಷ್ಟ್ರೀಯ ಒಪ್ಪಂದವನ್ನು ಮೂಲಭೂತ ಹಕ್ಕುಗಳ ಜತೆ ಸೇರಿಸಿ ಓದಬಹುದು. ಸೀಡಾ ಆಧರಿಸಿ ಕೋರ್ಟೇ ಮಾರ್ಗಸೂಚಿ ಹೊರಡಿಸಿತು. ಸಂಸತ್ತು ಕಾಯ್ದೆ ಮಾಡಿದ್ದು 2013ರಲ್ಲಿ. 16 ವರ್ಷ ಕೋರ್ಟಿನ ಮಾರ್ಗಸೂಚಿಯೇ ಕಾನೂನಿನ ಜಾಗದಲ್ಲಿ ನಿಂತಿತ್ತು. ಆ ಕಾಯ್ದೆಯ ಪೀಠಿಕೆಯಲ್ಲೂ ಸೀಡಾ ಹೆಸರಿದೆ.

1999ರಲ್ಲಿ ಲೇಖಕಿ ಗೀತಾ ಹರಿಹರನ್ ಪ್ರಕರಣದಲ್ಲಿ ತಾಯಿಯೂ ಮಗುವಿನ ಸಹಜ ಪೋಷಕಿಯಾಗಬಲ್ಲಳು ಎಂದಾಗಲೂ ಸುಪ್ರೀಂ ಕೋರ್ಟ್ ಇದೇ ಒಪ್ಪಂದದತ್ತ ಬೊಟ್ಟು ಮಾಡಿತ್ತು.

ಜಿನೀವಾದಲ್ಲಿ ಲೆಕ್ಕ ಒಪ್ಪಿಸಬೇಕು

ಒಪ್ಪಂದ ಪಾಲನೆಯ ಮೇಲೆ ಕಣ್ಣಿಡಲು 23 ತಜ್ಞರ ಸಮಿತಿಯಿದೆ. ನಾಲ್ಕು ವರ್ಷಕ್ಕೊಮ್ಮೆ ಸರ್ಕಾರಗಳು ವರದಿ ಕೊಟ್ಟು ಪ್ರಶ್ನೆಗಳಿಗೆ ಉತ್ತರಿಸಬೇಕು. ಸರ್ಕಾರ ಬಣ್ಣ ಹಚ್ಚಿ ಬರೆದರೆ? ಅದಕ್ಕೇ ಸ್ವಯಂಸೇವಾ ಸಂಸ್ಥೆಗಳು ಪರ್ಯಾಯ ವರದಿ ಸಲ್ಲಿಸುತ್ತವೆ. ನಿಜವಾದ ಒತ್ತಡ ಹುಟ್ಟುವುದು ಇಲ್ಲೇ ಎನ್ನಬಹುದು.

ಆದರೆ ಸಮಿತಿಯ ಕೈಯಲ್ಲಿ ದಂಡ ಹಾಕುವ ಅಧಿಕಾರವಿಲ್ಲ. ವೈವಾಹಿಕ ಅತ್ಯಾಚಾರವನ್ನು ಅಪರಾಧವಾಗಿಸಿ ಎಂದು ಅದು 2014ರಲ್ಲಿ ಭಾರತಕ್ಕೆ ಶಿಫಾರಸು ಮಾಡಿತು. 2023ರಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ 18 ದಾಟಿದ ಪತ್ನಿಯ ವಿಚಾರದಲ್ಲಿ ಪತಿಗಿರುವ ವಿನಾಯಿತಿ ಹಾಗೇ ಉಳಿದಿದೆ.

ಅನುಮೋದನೆ ವೇಳೆಯೇ ಭಾರತ ಕೆಲವು ಷರತ್ತುಗಳನ್ನೂ ಇಟ್ಟಿತ್ತು. ಸಮುದಾಯಗಳ ಒಪ್ಪಿಗೆಯಿಲ್ಲದೆ ಅವುಗಳ ವೈಯಕ್ತಿಕ ವಿಚಾರಗಳಲ್ಲಿ ಕೈಹಾಕುವುದಿಲ್ಲ ಎಂಬುದು ಅದರಲ್ಲಿ ಮುಖ್ಯ. ಮದುವೆ, ವಿಚ್ಛೇದನ, ಆಸ್ತಿಯಂಥ ವಿಷಯಗಳಲ್ಲಿ ಮಹಿಳೆಗೆ ಹೆಚ್ಚು ಏಟು ಬೀಳುವುದೇ ಅಲ್ಲಿ ಅನ್ನುವುದು ಬೇರೆ ಮಾತು.

ದೇಶದೊಳಗೆ ನ್ಯಾಯ ಸಿಗದ ಮಹಿಳೆ ನೇರವಾಗಿ ಸಮಿತಿಗೆ ದೂರು ಕೊಡಲು 1999ರ ಐಚ್ಛಿಕ ಪ್ರೋಟೋಕಾಲ್ ಅವಕಾಶ ಕೊಡುತ್ತದೆ. ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ ಇದನ್ನು ಒಪ್ಪಿಕೊಂಡಿವೆ. ಭಾರತ ಒಪ್ಪಿಲ್ಲ.